ವಿಶ್ವಕಪ್ ಕಾಮಗಾರಿ: ವೀಸಾ ಸಾಲ ತೀರಿಸಬೇಕಾದವರು ಯಾರು?

ಮಾನ್ಯ ಸಂಪಾದಕರೇ,

2034ರ ಫುಟ್‌ಬಾಲ್ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ ಎಂದು ಫಿಫಾ 2024ರ ಡಿಸೆಂಬರ್ 11ರಂದು ಘೋಷಿಸಿತು. ಐದು ನಗರಗಳಲ್ಲಿ 15 ಕ್ರೀಡಾಂಗಣ, ಅದರಲ್ಲಿ ಎಂಟು ರಿಯಾದ್‌ನಲ್ಲೇ ಎಂಬುದು ಯೋಜನೆ. ಜೊತೆಗೆ ಹೋಟೆಲು, ರಸ್ತೆ, ರೈಲು. ಕಟ್ಟುವ ಕೈಗಳು ಹೆಚ್ಚಾಗಿ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನದವು. ಮಂಗಳೂರು, ಉಡುಪಿ, ಭಟ್ಕಳದವರಿಗೆ ಗಲ್ಫ್ ದಾರಿ ಹಳೆಯದು. ಹಾಗಾಗಿ ಇದು ಕ್ರೀಡಾಪುಟದಲ್ಲಷ್ಟೇ ಮುಗಿಯುವ ಸುದ್ದಿಯಲ್ಲ.

ಕೆಲಸಗಾರರ ಹಕ್ಕು ಅಂದ ಕೂಡಲೇ ಬಿಸಿಲು, ಇಕ್ಕಟ್ಟಿನ ಕ್ಯಾಂಪು, ಬಾಕಿ ಸಂಬಳದ ಮಾತು ಬರುತ್ತದೆ. ಎಲ್ಲ ನಿಜ. ಆದರೆ ತೊಂದರೆ ಶುರುವಾಗುವುದು ವಿಮಾನ ಹತ್ತುವ ಮೊದಲೇ, ವೀಸಾಕ್ಕೆಂದು ಮಾಡುವ ಸಾಲದಿಂದ. ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯಂತೆ ನೇಮಕಾತಿ ಶುಲ್ಕ, ಇಕಾಮಾ (ವಾಸದ ಪರವಾನಗಿ), ವರ್ಕ್ ಪರ್ಮಿಟ್ ಖರ್ಚು ಮಾಲೀಕನದು. ನಮ್ಮ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಬೇಕು. ಆದರೆ ನೋಂದಣಿಯಿಲ್ಲದ ಏಜೆಂಟರು 2ರಿಂದ 5 ಲಕ್ಷದವರೆಗೆ ಕೀಳುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ನೂರಕ್ಕೆ ಮೂರರ ಬಡ್ಡಿಗೆ ಎರಡು ಲಕ್ಷ ಎತ್ತಿದವನಿಗೆ ತಿಂಗಳ ಬಡ್ಡಿಯೇ 6,000 ರೂಪಾಯಿ. ಅಂಥವನು ಮೇಸ್ತ್ರಿ ಮುಂದೆ ನಿಂತು ‘ಈ ಬಿಸಿಲಲ್ಲಿ ಹತ್ತಲಾರೆ’ ಅನ್ನಲಾರ, ಮೂರು ತಿಂಗಳ ಸಂಬಳ ಬಾಕಿಯಿದ್ದರೂ ದೂರು ಕೊಡಲಾರ. ಕೆಲಸ ಬದಲಿಸುವ ಹಕ್ಕನ್ನು ಸೌದಿ 2021ರಿಂದ ಒಂದಿಷ್ಟು ಸಡಿಲಿಸಿದೆ. ತಲೆಮೇಲೆ ಸಾಲ ಇರುವವನಿಗೆ ಅದು ಕಾಗದದ ಮೇಲಿನ ಹಕ್ಕು ಅಷ್ಟೇ.

ಇದಕ್ಕೊಂದು ಉಪಾಯ ಕತಾರ್‌ನಲ್ಲಿ ಆಗಲೇ ನಡೆದಿದೆ, ಅದರ ಬಗ್ಗೆ ಚರ್ಚೆಯಾದದ್ದು ಕಡಿಮೆ. 2022ರ ವಿಶ್ವಕಪ್‌ನ ಸಂಘಟನಾ ಸಮಿತಿ ಕ್ರೀಡಾಂಗಣದ ಗುತ್ತಿಗೆದಾರರಿಂದಲೇ ಕಾರ್ಮಿಕರಿಗೆ ವೀಸಾ ಹಣ ವಾಪಸ್ ಕೊಡಿಸಿತು. ಸಂಬಳದ ಜೊತೆ ಪ್ರತಿ ತಿಂಗಳೂ ಕಂತು. ಮುಖ್ಯವಾದ ಅಂಶ, ಕಾರ್ಮಿಕ ರಸೀದಿ ತೋರಿಸಬೇಕಿರಲಿಲ್ಲ. ರಸೀದಿ ಕೇಳಿದರೆ ಇಂಥ ಯೋಜನೆ ಮೊದಲ ದಿನವೇ ಸತ್ತಂತೆ. ಏಕೆಂದರೆ ಹೆಚ್ಚುವರಿ ಹಣಕ್ಕೆ ಯಾವ ಏಜೆಂಟನೂ ಚೀಟಿ ಕೊಡುವುದಿಲ್ಲ. ಬದಲಿಗೆ ‘ನಾನು ಯಾರಿಗೂ ದುಡ್ಡು ಕೊಟ್ಟಿಲ್ಲ’ ಎಂದು ಮೊಬೈಲ್ ಕ್ಯಾಮೆರಾ ಮುಂದೆ ಹೇಳಿಸಿಕೊಳ್ಳುವವರೂ ಇದ್ದಾರೆ. ಆದರೆ ಕತಾರ್‌ನ ಯೋಜನೆ ಮುಟ್ಟಿದ್ದು ವಿಶ್ವಕಪ್ ಸಮಿತಿಯ ಕಾಮಗಾರಿಯಲ್ಲಿದ್ದವರನ್ನು ಮಾತ್ರ. ಮೆಟ್ರೊ, ರಸ್ತೆ, ಹೋಟೆಲು ಕಟ್ಟಿದ ಬಹುಪಾಲು ಜನ ಹೊರಗೇ ಉಳಿದರು. ಸೌದಿಯಲ್ಲಿ ಈ ಷರತ್ತು ಟೆಂಡರ್ ಹಂತದಲ್ಲೇ ಬರಬೇಕು, ಉಪಗುತ್ತಿಗೆದಾರರಿಗೂ ಅನ್ವಯಿಸಬೇಕು. ಕಾಮಗಾರಿ ಅರ್ಧ ಮುಗಿದ ಮೇಲೆ ಸೇರಿಸಿದರೆ ಮೊದಲು ಹೋದವರ ಹಣ ಹೋದಂತೆಯೇ.

ಬಿಸಿಲಿನ ವಿಷಯಕ್ಕೆ ಬಂದರೆ, ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಯಲಲ್ಲಿ ಕೆಲಸ ನಿಷಿದ್ಧ. ಗಡಿಯಾರ ನೋಡಿ ಮಾಡಿದ ನಿಯಮ ಇದು. ಕತಾರ್ 2021ರಲ್ಲಿ ಬೆಳಗ್ಗೆ 10ರಿಂದ 3.30ರವರೆಗೆ ನಿಷೇಧ ವಿಸ್ತರಿಸಿದ್ದಲ್ಲದೆ, ತೇವಾಂಶ, ಗಾಳಿ, ಬಿಸಿಲು ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಮಾಪನ 32.1 ಡಿಗ್ರಿ ದಾಟಿದರೆ ಹೊತ್ತು ಯಾವುದೇ ಇರಲಿ ಕೆಲಸ ನಿಲ್ಲಿಸಬೇಕೆಂದಿತು. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ಸೆಕೆಯಲ್ಲಿ ಬೆವರು ಆರದಿದ್ದರೆ 35 ಡಿಗ್ರಿಯೂ ಆಳನ್ನು ಬೀಳಿಸುತ್ತದೆ. ವಿಶ್ವಕಪ್ ನಡೆಯಲಿರುವ ಜೆದ್ದಾ, ಅಲ್ ಖೋಬರ್ ಎರಡೂ ಸಮುದ್ರದಂಡೆಯ ಊರುಗಳು.

ಬಿದ್ದು ಸತ್ತವನ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ‘ಹೃದಯಾಘಾತ’ ಅಥವಾ ‘ಸಹಜ ಸಾವು’ ಎಂದಿರುತ್ತದೆ, ಶವಪರೀಕ್ಷೆ ಇಲ್ಲ. 2009ರಿಂದ 2017ರವರೆಗೆ ಕತಾರ್‌ನಲ್ಲಿ ಹೃದಯ ಸಂಬಂಧಿ ಕಾರಣದಿಂದ ಸತ್ತ 571 ನೇಪಾಳಿಗರ ಕುರಿತ ಅಧ್ಯಯನವೊಂದು 200ರಷ್ಟು ಸಾವುಗಳನ್ನು ತಡೆಯಬಹುದಿತ್ತು ಎಂದು ಅಂದಾಜಿಸಿತು. ‘ಸಹಜ’ ಎಂಬ ಆ ಒಂದು ಪದದಿಂದ ಇಲ್ಲಿನ ಮನೆಗೆ ಆಗುವ ನಷ್ಟ ದೊಡ್ಡದು. ವಿದೇಶಕ್ಕೆ ದುಡಿಯಲು ಹೋಗುವವರ ವಿಮೆಯಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಸಿಗುವುದು ಅಪಘಾತದ ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಸಹಜ ಸಾವಿಗೆ ಈ ಮೊತ್ತವಿಲ್ಲ, ಮಾಲೀಕನ ಪರಿಹಾರವೂ ಕೈತಪ್ಪುತ್ತದೆ. ಕೆಲಸದ ಜಾಗದ ಪ್ರತಿ ಸಾವಿಗೂ ಶವಪರೀಕ್ಷೆ ಆಗಬೇಕೆಂದು ನಮ್ಮ ರಾಯಭಾರ ಕಚೇರಿ ಪಟ್ಟು ಹಿಡಿಯಬೇಕು.

ಇನ್ನೊಂದು ತೂತು ನಮ್ಮಲ್ಲೇ ಇದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕಿಲ್ಲ. ಹಾಗಾಗಿ ಅವರ ಒಪ್ಪಂದ ಕೇಂದ್ರ ಸರ್ಕಾರದ ವಲಸೆ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಪರಿಶೀಲನೆಗೆ ಬರುವುದಿಲ್ಲ, ಈ ವಿಮೆಯೂ ಕಡ್ಡಾಯವಲ್ಲ. ಅನಕ್ಷರಸ್ಥನಿಗೆ ರಕ್ಷಣೆ, ಐಟಿಐ ಕಲಿತ ವೆಲ್ಡರ್‌ಗೆ ಇಲ್ಲ! ಓದಿದವನು ತನ್ನ ಹಿತ ತಾನೇ ನೋಡಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ 1983ರ ವಲಸೆ ಕಾಯ್ದೆಯ ಕಾಲದ್ದು. ಇವತ್ತು ಎಸ್ಸೆಸ್ಸೆಲ್ಸಿ ಆಗದ ಹುಡುಗರು ಊರಲ್ಲಿ ಎಷ್ಟಿದ್ದಾರೆ?

ಮೇಲಿರುವವರ ಹೊಣೆಯ ಪ್ರಶ್ನೆಯೂ ಇದೆ. ಕತಾರ್ ಕುರಿತು ಫಿಫಾ ತಾನೇ ಮಾಡಿಸಿದ ವರದಿ, ಕಾರ್ಮಿಕರಿಗೆ ಪರಿಹಾರ ಕೊಡುವ ಹೊಣೆ ಫಿಫಾಗೂ ಇದೆ ಎಂದಿತು. ಫಿಫಾ ಘೋಷಿಸಿದ್ದು 5 ಕೋಟಿ ಡಾಲರ್‌ನ ನಿಧಿ, ಅದೂ ಅಂತರರಾಷ್ಟ್ರೀಯ ಸಂಸ್ಥೆಗಳ ಕಾರ್ಯಕ್ರಮಗಳಿಗೆ. ‘ಅವರು ನಮ್ಮ ನೌಕರರಲ್ಲ, ಗುತ್ತಿಗೆದಾರರ ಜನ’ ಎಂಬ ವಾದ ಬೆಂಗಳೂರಿನ ಡೆಲಿವರಿ ಹುಡುಗರಿಗೂ ಪರಿಚಿತ. ಅಲ್ಲಿ ‘ಪಾರ್ಟ್‌ನರ್’ ಅನ್ನುತ್ತಾರೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಆ ವಾದಕ್ಕೆ ಸೊಪ್ಪು ಹಾಕದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಿಗುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಯ ಮೇಲೆ ಹೊರಿಸಿತು, ಕೆಲಸದಿಂದ ತೆಗೆಯಲು 14 ದಿನಗಳ ನೋಟಿಸ್ ಬೇಕೆಂದಿತು. ಜಾರಿಯ ಕತೆ ಬೇರೆ. ಆದರೂ ಲಾಭದ ತುದಿಯಲ್ಲಿರುವವನೇ ಹೊಣೆ ಹೊರಬೇಕೆಂಬ ತತ್ವ ಸರಿಯಾಗಿದೆ, ಕ್ರೀಡಾಂಗಣಕ್ಕೂ ಅದೇ ಸಲ್ಲುತ್ತದೆ.

ಹೊರಡುವವರು ಏಜೆಂಟನ ಪರವಾನಗಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ನೋಡಲಿ. ಪರವಾನಗಿ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ಅಲ್ಲೇ ತಿಳಿಯುತ್ತದೆ. ಊರಿನ ಸಬ್ ಏಜೆಂಟನಿಗೆ ಬೇರೆಯವರ ಪರವಾನಗಿ ಆಗುವುದಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದು ಎಂದರೆ ಎದ್ದು ಬನ್ನಿ. ಹಣ ಬ್ಯಾಂಕ್ ಮೂಲಕವೇ ಕೊಡಿ.

ಕೊನೆಯದಾಗಿ, ತಮ್ಮಲ್ಲೇ ಒಂದು ವಿನಂತಿ. ನೇಮಕಾತಿ ಜಾಹೀರಾತಿನಲ್ಲಿ ಏಜೆಂಟ್ ತನ್ನ ಪರವಾನಗಿ ಸಂಖ್ಯೆ ಹಾಕಲೇಬೇಕೆಂಬ ನಿಯಮವಿದೆ. ‘ಗಲ್ಫ್‌ನಲ್ಲಿ ಕೆಲಸ, ತಕ್ಷಣ ಸಂಪರ್ಕಿಸಿ’ ಎಂದು ಬರೀ ಮೊಬೈಲ್ ನಂಬರ್ ಇರುವ ವರ್ಗೀಕೃತ ಜಾಹೀರಾತುಗಳನ್ನು ಕನ್ನಡ ಪತ್ರಿಕೆಗಳು ತೆಗೆದುಕೊಳ್ಳದಿರಲಿ.

– ವಲಸೆ ಕಾರ್ಮಿಕರ ದಾಖಲೆಪತ್ರಗಳ ಕೆಲಸ ಬಲ್ಲ ಓದುಗರು, ಉಡುಪಿ