ಕೆಂಪು ಬೊಟ್ಟು ಅಂಟಿಸಿದ ಮೇಲೆ

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ಸಿಕ್ಕಿತು. ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ ಅಂತ ನೀನು ಕೂತು ಬರೆಯುತ್ತೀ, ಈ ಕಾಲದಲ್ಲಿ ಅದೇ ದೊಡ್ಡದು. ನಿನ್ನ ಗ್ಯಾಲರಿಯ ಪ್ರದರ್ಶನಕ್ಕೆ ಬಂದವರು, ಬರುತ್ತೇವೆ ಅಂತ ಹೇಳಿ ಬಾರದವರು, ಕರೆಂಟಿನ ಕಾಟ, ಎಲ್ಲ ಓದಿದೆ. ನಡುವೆ ಒಂದು ಕಡೆ ಹೀಗೆ ಬರೆದಿದ್ದೀ: 'ಎರಡು ಚಿತ್ರ ಹೋಯಿತು ಮಾವ, ದುಡ್ಡೂ ಬಂತು. ಆದರೆ ಬಾಡಿಗೆ ಬಾಕಿ ಇತ್ತು, ಅದಕ್ಕೆ ಕಟ್ಟಿಬಿಟ್ಟೆ. ಚಿತ್ರ ಬರೆದ ಆ ಹುಡುಗನಿಗೆ ಮುಂದಿನ ತಿಂಗಳು ಕೊಟ್ಟರಾಯಿತು. ಒಂದೊಂದು ಸಲ ಹೆದರಿಕೆ ಆಗುತ್ತದೆ.' ಅಷ್ಟು ಹೇಳಿ ಸೀದಾ ಹೊಸ ಲೈಟಿನ ವಿಷಯಕ್ಕೆ ಹೋಗಿದ್ದೀ. ಆಮೇಲಿನದನ್ನು ಓದಿದೆ, ತಲೆಗೆ ಹೋಗಲಿಲ್ಲ.

ಬೈಯಲಿಕ್ಕೆ ಬರೆಯುತ್ತಿಲ್ಲ. ಕುಂಬಳೆಯಂಥ ಊರಿನಲ್ಲಿ, ಹಳೇ ಅಡಿಕೆ ಗೋದಾಮಿಗೆ ಸುಣ್ಣ ಬಳಿದು ಚಿತ್ರ ತೂಗುಹಾಕಿದವಳಿಗೆ ಬಾಡಿಗೆ ಕಟ್ಟುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬ್ರಹ್ಮಕಲಶಕ್ಕೆ ಚೀಟಿ ಹರಿಸುವಾಗ ಕೈ ಹಿಂದೆ ಎಳೆಯದವರು, ಸೇವೆ ಆಟ ಆಡಿಸಲಿಕ್ಕೆ ವರ್ಷಗಟ್ಟಲೆ ಕಾಯುವವರು, ಒಂದು ಚಿತ್ರ ಕೊಳ್ಳು ಅಂದರೆ 'ಇದು ಯಾವುದಕ್ಕೆ?' ಅಂತ ಕೇಳುತ್ತಾರೆ. ಯಕ್ಷಗಾನದ ಪಾರ್ತಿಸುಬ್ಬನ ಊರಲ್ವಾ, ವೇಷ ಕಟ್ಟಿ ಕುಣಿದರೆ ಬೆಳಗಿನವರೆಗೆ ಕೂರುತ್ತಾರೆ. ಗೋಡೆಯ ಮೇಲೆ ಅಲ್ಲಾಡದೆ ನಿಂತದ್ದಕ್ಕೆ ದುಡ್ಡು ಕೊಡುವ ರೂಢಿ ಇಲ್ಲಿ ಇನ್ನೂ ಬರಬೇಕಷ್ಟೆ. ಅಂಥದ್ದರಲ್ಲಿ ಎರಡು ಹೋಯಿತು ಅಂದರೆ ಸಣ್ಣ ಸಂಗತಿ ಅಲ್ಲ. ಸಂತೋಷ ಆಯಿತು. ಆದರೂ ಆ ಮಾತು ಬಿಡುತ್ತಿಲ್ಲ.

ಮಾರಾಟವಾದದ್ದರ ಪಕ್ಕ ಅಂಟಿಸಲಿಕ್ಕೆ ಅಮ್ಮನ ಸ್ಟಿಕ್ಕರ್ ಬೊಟ್ಟು ತಂದಿದ್ದೆ ಅಂತ ಬರೆದಿದ್ದೀ. ಅದನ್ನು ಓದಿ ನಗು ಬಂತು. ನನ್ನ ಕಾಲದಲ್ಲಿ ಅದು ಗೋಂದು ಹಚ್ಚಿದ ಕೆಂಪು ಕಾಗದ, ಪಂಚಿಂಗ್ ಮೆಷಿನ್ನಿನಲ್ಲಿ ಕತ್ತರಿಸಿದ್ದು. ಒಂದು ಊರಿನ ಗ್ಯಾಲರಿಯಲ್ಲಿ ನನ್ನ ಮೂರು ಚಿತ್ರಗಳ ಕೆಳಗೆ ಅಂಥ ಬೊಟ್ಟು ಬಿದ್ದಿತ್ತು. ನಿನಗೆ ಇದನ್ನು ಯಾರೂ ಹೇಳಿರಲಾರರು. ಅಕ್ಕನಿಗೂ ಪೂರ್ತಿ ಗೊತ್ತಿಲ್ಲ.

ಡ್ರಾಯಿಂಗ್ ಮಾಷ್ಟ್ರ ಕೆಲಸಕ್ಕೆ ಸೇರಿದ ಹೊಸತು. ಎಲ್ಲ ಜಲವರ್ಣ. ಒಂದರಲ್ಲಿ ಮೊಗ್ರಾಲಿನ ಅಳಿವೆ. ಇನ್ನೊಂದರಲ್ಲಿ ಅಂಗಳ ತುಂಬ ಅಡಿಕೆ, ಮೂಲೆಯಿಂದ ಮಳೆ ಬರುತ್ತಾ ಇದೆ, ಹೆಂಗಸರು ಬಾಚಿ ಬಾಚಿ ಒಳಗೆ ತುಂಬುತ್ತಿದ್ದಾರೆ. ಅದು ಚೆನ್ನಾಗಿ ಬಂದಿತ್ತು, ನಾನೇ ಹೇಳುತ್ತೇನೆ. ಒದ್ದೆ ಕಾಗದದ ಮೇಲೆ ಬೂದು ಬಣ್ಣ ತಾನೇ ಹರಿದು ಮೋಡ ಆಗಿತ್ತು. ಮುಟ್ಟದೆ ಹಾಗೇ ಬಿಟ್ಟಿದ್ದೆ. ಬೊಟ್ಟು ಬಿದ್ದ ಮೂರರಲ್ಲಿ ಅದೂ ಒಂದು.

ಗ್ಯಾಲರಿಯವರು ಒಳ್ಳೆಯವರು. ಚಾ ತರಿಸಿದರು. ಚಿತ್ರದ ನಡುಭಾಗ ನಿಂತವನ ಕಣ್ಣಿನ ಮಟ್ಟಕ್ಕೆ ಬರಬೇಕು ಅಂತ ತೋರಿಸಿಕೊಟ್ಟದ್ದೂ ಅವರೇ. ದುಡ್ಡು ಮುಂದಿನ ತಿಂಗಳು ಮನಿಯಾರ್ಡರ್ ಮಾಡುತ್ತೇನೆ ಅಂದರು. ಒಂದು ಕಾರ್ಡು ಬಂತು, ಸ್ವಲ್ಪ ತಡ ಆಗುತ್ತದೆ ಅಂತ. ಆಮೇಲೆ ಕಾರ್ಡೂ ಇಲ್ಲ. ಶಾಲೆಯ ಗೇಟಿನ ಹತ್ತಿರ ಪೋಸ್ಟಿನವನ ಸೈಕಲ್ ಬೆಲ್ ಕೇಳಿದರೆ ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆ ಡೊಂಕಾಗುತ್ತಿತ್ತು. ಮಕ್ಕಳು ನಗುತ್ತಿದ್ದರು.

ಪುಟ್ಟಿ, ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ, ಸಂಬಳ ಬರುತ್ತಿತ್ತು. ಆದರೆ ಸ್ವಲ್ಪ ಸಮಯ ಕಳೆದ ಮೇಲೆ, ಆ ಚಿತ್ರಗಳು ನಿಜಕ್ಕೂ ಮಾರಾಟ ಆಗಿದ್ದವಾ ಅಂತ ಅನುಮಾನ ಬರಲಿಕ್ಕೆ ಶುರುವಾಯಿತು. ಪಾಪ ಮಾಷ್ಟ್ರು, ದೂರದಿಂದ ಬಂದಿದ್ದಾರೆ, ಸುಮ್ನೆ ಬೇಸರ ಮಾಡಬಾರದು ಅಂತ ಬೊಟ್ಟು ಅಂಟಿಸಿದ್ದಾರೋ ಏನೋ. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಬ್ರಶ್ ಹಿಡಿದರೆ ಕೈ ಮೊದಲಿನ ಹಾಗೆ ಹೋಗಲಿಲ್ಲ. ಒದ್ದೆ ಕಾಗದದಲ್ಲಿ ಬಣ್ಣ ಹರಿಯಲಿಕ್ಕೆ ಬಿಡಲು ಒಂದು ಧೈರ್ಯ ಬೇಕು. ಅದು ಹೋಯಿತು. ಶಾಲೆಯ ವಾರ್ಷಿಕೋತ್ಸವದ ಪರದೆ, ಚೌತಿಯ ಮಂಟಪ, ಇಷ್ಟರಲ್ಲೇ ಕಾಲ ಕಳೆಯಿತು. ಎಷ್ಟೋ ವರ್ಷದ ನಂತರ ಒಂದು ಮದುವೆಯಲ್ಲಿ ಯಾರೋ ಹೇಳಿದರು, ನಿಮ್ಮ ಅಡಿಕೆ ಅಂಗಳದ ಚಿತ್ರ ಒಬ್ಬ ಡಾಕ್ಟರರ ಮನೆಯ ಹಾಲಿನಲ್ಲಿದೆ, ಬಹಳ ಚಂದ ಇದೆ ಅಂತ. ಊಟ ಸೇರಲಿಲ್ಲ ಆ ದಿನ.

ನಾನು ಒಂದು ಸಲ ಬಸ್ಸು ಹತ್ತಿ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಅದು ನನ್ನ ಸ್ವಭಾವ. ಚಿತ್ರ ಬರೆಯುವವರಲ್ಲಿ ಇಂಥವರೇ ಜಾಸ್ತಿ, ಅದನ್ನು ನೀನು ನೆನಪಿಡಬೇಕು. ನಿನ್ನ ಆ ಹುಡುಗ ಫೋನ್ ಮಾಡಿಲ್ಲ ಅಂದರೆ ಅವನಿಗೆ ಅವಸರ ಇಲ್ಲ ಅಂತ ತಿಳಿಯಬೇಡ.

ಆ ಗ್ಯಾಲರಿಯವರನ್ನೂ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ನನ್ನನ್ನು ನೋಡಿ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅವರೂ ಬಾಡಿಗೆಗೇ ಕಟ್ಟಿರಬೇಕು, ಮತ್ತೇನು. ಮೋಸ ಮಾಡಬೇಕು ಅಂತ ಹೊರಟವರಲ್ಲ. ನಿನಗೆ ಹೆದರಿಕೆ ಆಗುತ್ತದೆ ಅಂತ ಬರೆದಿದ್ದೀಯಲ್ಲ, ಆ ಹೆದರಿಕೆ ಅವರಿಗೂ ಮೊದಲು ಇದ್ದಿರಬೇಕು. ಆಮೇಲೆ ಅಭ್ಯಾಸ ಆಯಿತು. ನನಗಿರುವ ಭಯ ಅದೇ. ನಿನಗೆ ಹೆದರಿಕೆ ಆಗುವುದು ನಿಂತುಹೋದರೆ ಏನು ಗತಿ ಅಂತ.

ನಿನ್ನ ಅಜ್ಜನ ಕಾಲದ ಅಡಿಕೆ ಮಂಡಿ ನೆನಪಾಗುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬರುವ ಮೊದಲು ಅಡಿಕೆಯನ್ನು ಅಂಗಡಿಗೆ ಹಾಕಿ ಬರುವುದು, ಲೆಕ್ಕ ಆಮೇಲೆ. ಬರಬೇಕಾದ ದುಡ್ಡು ಕೇಳಲಿಕ್ಕೆ ಹೋದ ಅಪ್ಪ ಅಂಗಡಿಯ ಜಗಲಿಯಲ್ಲಿ ಸಾಲ ಕೇಳಲಿಕ್ಕೆ ಬಂದವರ ಹಾಗೆ ಕೂತಿರುತ್ತಿದ್ದರು. ಹೆಗಲ ಬೈರಾಸು ತೆಗೆದು ಮಡಿಲಲ್ಲಿಟ್ಟು. ಸಾಹುಕಾರರು ಒಳಗೆ ಊಟ ಮಾಡುತ್ತಿದ್ದರು. ನಿನ್ನ ಗೋದಾಮಿನ ಜಗಲಿಯಲ್ಲಿ ಯಾರೂ ಹಾಗೆ ಕೂರಬಾರದು. ಅಡಿಕೆಯದ್ದೇ ಗೋದಾಮು ಬೇರೆ!

ನಾನೊಬ್ಬ ಹಳೇ ಮಾಷ್ಟ್ರು, ವ್ಯಾಪಾರ ತಿಳಿದವನಲ್ಲ. ಆದರೂ ಹೇಳುತ್ತೇನೆ. ನೀನು 30 ಪರ್ಸೆಂಟ್ ಕಮಿಷನ್ ಇಟ್ಟಿದ್ದೀ, ದೊಡ್ಡ ಊರುಗಳಲ್ಲಿ ಅರ್ಧದವರೆಗೂ ಹಿಡಿಯುತ್ತಾರಂತೆ. ಆ 30ರಲ್ಲಿ ನಿನ್ನ ಬಾಡಿಗೆ, ಲೈಟು, ಚಾ ಎಲ್ಲ ಮುಗಿಯಬೇಕು. ಮುಗಿಯದಿದ್ದರೆ ಕಮಿಷನ್ ಜಾಸ್ತಿ ಮಾಡು, ಮೊದಲೇ ಹೇಳಿ ಮಾಡು, ಅದರಲ್ಲಿ ನಾಚಿಕೆ ಇಲ್ಲ. ಉಳಿದ 70 ಬರುವುದಕ್ಕೆ ಬ್ಯಾಂಕಿನಲ್ಲಿ ಬೇರೆಯೇ ಖಾತೆ ಮಾಡು. ಅದರ ಕಾರ್ಡು ನಿನ್ನ ಪರ್ಸಿನಲ್ಲಿ ಬೇಡ. ಚಿತ್ರ ತಗೊಳ್ಳುವಾಗಲೇ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸೈನ್ ಮಾಡಿ: ಯಾವ ಚಿತ್ರ, ಏನು ಬೆಲೆ, ಹೋದ ಮೇಲೆ ಎಷ್ಟು ದಿನದಲ್ಲಿ ದುಡ್ಡು, ಹೋಗದಿದ್ದರೆ ವಾಪಸ್ ಯಾವಾಗ. ಇದೆಲ್ಲ ನಿನಗೆ ಗೊತ್ತಿರಬಹುದು. ಗೊತ್ತಿದ್ದರೆ ಬಿಟ್ಟುಬಿಡು.

ಬಾಡಿಗೆಗೆ ಬೇರೆ ದಾರಿ ಬೇಕು, ಅದು ಖಂಡಿತ. ಬೊಂಬಾಯಿಯ ಕೆಮೋಲ್ಡ್ ಗ್ಯಾಲರಿ ಗೊತ್ತಲ್ಲ, ಕೆಕೂ ಗಾಂಧಿಯವರದ್ದು. ಅವರು 1940ರ ದಶಕದಲ್ಲಿ ಶುರು ಮಾಡಿದ್ದು ಫ್ರೇಮಿನ ವ್ಯಾಪಾರ. ಅಂಗಡಿಯ ಗಾಜಿನ ಹಿಂದೆ ಹೊಸ ಹುಡುಗರ ಚಿತ್ರ ಇಟ್ಟು ತೋರಿಸುತ್ತಿದ್ದರು. ಗ್ಯಾಲರಿ ಅಂತ ಮಾಡಿದ್ದು 1963ರಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿಯ ಮಹಡಿಯಲ್ಲಿ. ಅಷ್ಟರವರೆಗೆ ಅವರ ಹೊಟ್ಟೆ ತುಂಬಿಸಿದ್ದು ಫ್ರೇಮು. ಮದರಾಸಿನ ಹತ್ತಿರ 1966ರಲ್ಲಿ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅವರ ಜೊತೆ ಚೋಳಮಂಡಲ ಅನ್ನುವ ಕಲಾವಿದರ ಊರು ಕಟ್ಟಿದವರೂ ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿದರು. ನಿನ್ನ ಗೋದಾಮಿನ ಹಿಂದಿನ ಕೋಣೆ ಖಾಲಿ ಇದೆಯಲ್ಲ. ಕಾಸರಗೋಡಿನಿಂದ ಮಂಜೇಶ್ವರದವರೆಗೆ ಮದುವೆ ಫೋಟೋಗೆ, ದೇವರ ಫೋಟೋಗೆ ಕಟ್ಟು ಹಾಕಿಸದ ಮನೆ ಇಲ್ಲ. ಬೀಡಿಂಗ್ ಕತ್ತರಿಸಲಿಕ್ಕೆ ಒಬ್ಬ ಹುಡುಗನನ್ನು ಇಟ್ಟುಕೋ. ಗಣಪತಿ ಫೋಟೋದ ಕಟ್ಟು ಬಾಡಿಗೆ ಕಟ್ಟಿದರೆ ನಿನ್ನ ಹೊಸ ಕಲೆಗೆ ಮೈಲಿಗೆ ಆಗುತ್ತದಾ?

ಇನ್ನೊಂದು, ಮಧ್ಯೆ ಹೇಳಿಬಿಡುತ್ತೇನೆ, ಮರೆತುಹೋಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಚಿತ್ರಗಳನ್ನು ಮುರಕಲ್ಲಿನ ಗೋಡೆಗೆ ಒತ್ತಿ ನೇತುಹಾಕಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸು, ಗಾಳಿ ಆಡಲಿ. ಕಾಗದದ ಮೇಲಿನ ಕೆಲಸಕ್ಕೆ ಬೂಷ್ಟು ಹಿಡಿದರೆ ಕಲೆ ಹೋಗುವುದೇ ಇಲ್ಲ. ಅದೂ ಇನ್ನೊಬ್ಬರ ಸೊತ್ತು.

ನೀನು ಬಾಗಿಲು ಮುಚ್ಚಬೇಕು ಅಂತ ನಾನು ಹೇಳುತ್ತಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಚಿತ್ರ ಕಲಿಯಲು ಬೊಂಬಾಯಿಗೆ ಹೋಗಬೇಕಾಯಿತು. ನಮ್ಮದೇ ಕಾಸರಗೋಡು ಜಿಲ್ಲೆಯ ಶಿಲ್ಪಿ ಕಾನಾಯಿ ಕುಂಞಿರಾಮನ್ ಅವರ ಯಕ್ಷಿ ಶಿಲ್ಪವನ್ನು ನೋಡಬೇಕಾದರೆ ಪಾಲಕ್ಕಾಡಿನ ಹತ್ತಿರದ ಮಲಂಪುಳಕ್ಕೆ ರೈಲು ಹತ್ತಬೇಕು. ಕಾಞಂಗಾಡಿನಲ್ಲಿ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ, ಸರಿ. ಆದರೆ ಕನ್ನಡದಲ್ಲಿ ಮಾತಾಡಿ, ಸಂಕೋಚದಿಂದ ಚಿತ್ರ ಸುರುಳಿ ಸುತ್ತಿಕೊಂಡು ಬರುವ ಹುಡುಗನಿಗೆ ಕುಂಬಳೆಯಲ್ಲಿ ಒಂದು ಬಾಗಿಲು ಇದೆ ಅಂದರೆ ನನಗೂ ಹೆಮ್ಮೆಯೇ. ಅದಕ್ಕೇ ಹೇಳುವುದು, ಆ ಹುಡುಗನಿಗೆ ಇವತ್ತೇ ಫೋನ್ ಮಾಡು. ಮೆಸೇಜ್ ಸಾಲದು. ಚಿತ್ರ ಕೊಂಡವರು ಯಾರು, ಯಾಕೆ ಇಷ್ಟಪಟ್ಟರು ಅಂತ ಮೊದಲು ಹೇಳು. ಆಮೇಲೆ ದುಡ್ಡು ಎಲ್ಲಿಗೆ ಹೋಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳು. ಅವನು ಸಿಟ್ಟು ಮಾಡಿದರೆ ಮಾಡಲಿ. 'ಪರವಾಗಿಲ್ಲ ಅಕ್ಕ' ಅಂದರೆ ಮಾತ್ರ ನಂಬಬೇಡ. ನಾನೂ ಹಾಗೇ ಅಂದಿದ್ದೆ.

ಎಷ್ಟು ಕಡಿಮೆ ಬೀಳುತ್ತದೆ ಅಂತ ನನಗೆ ಬರಿ. ಮೊನ್ನೆ ಹಳೇ ಅಡಿಕೆ ಕೊಟ್ಟದ್ದರಲ್ಲಿ ಸ್ವಲ್ಪ ಕೈಯಲ್ಲಿದೆ, ಅತ್ತೆಗೆ ಬಚ್ಚಲಿನ ಮಾಡು ರಿಪೇರಿಗೆ ಅಂತ ಹೇಳಿಟ್ಟದ್ದು, ಮಳೆಗಾಲ ಕಳೆದ ಮೇಲೆ ಮಾಡಿಸಿದರೂ ಆದೀತು. ನಿನಗೆ ಕೊಡುವುದಲ್ಲ, ಅವನಿಗೆ ಕೊಡಲಿಕ್ಕೆ. ಅವನ ಖಾತೆ ನಂಬರ್ ಕಳುಹಿಸು, ಬ್ಯಾಂಕಿನ ಮ್ಯಾನೇಜರ ನನ್ನ ಹಳೇ ಶಿಷ್ಯ, ಫಾರಂ ಅವನೇ ತುಂಬಿಸುತ್ತಾನೆ. ನನಗೆ ನೀನು ನಿಧಾನಕ್ಕೆ ಕೊಡು.

ನಿನ್ನ
ಮಾವ