ಕೈಯೆತ್ತಿ ತೀರ್ಮಾನಿಸುವ ವಿಷಯವೇ ಇದು?

ಮಾನ್ಯ ಸಂಪಾದಕರೇ,

ಒಂದು ವಿದೇಶಿ ಹಾಸ್ಯ ಧಾರಾವಾಹಿ ಹದಿಹರೆಯದವರಿಗೆ ಯೋಗ್ಯವೇ ಎಂದು ಚರ್ಚಿಸಲು ಕಳೆದ ಭಾನುವಾರ ಮುಂಬಯಿಯ ಮಾಟುಂಗದಲ್ಲಿ ನಡೆದ ಪಾಲಕರ ಸಭೆಯನ್ನು ತಮ್ಮ ವರದಿಗಾರರು 'ಅರ್ಥಪೂರ್ಣ ಸಂವಾದ' ಎಂದು ಬಣ್ಣಿಸಿದ್ದಾರೆ. ಅದೇ ಸಭೆಯಲ್ಲಿ ಎರಡೂವರೆ ಗಂಟೆ ಕುಳಿತಿದ್ದ ನನಗೆ ಅರ್ಥವೂ ಸಿಗಲಿಲ್ಲ, ಸಂವಾದವೂ ಕಾಣಲಿಲ್ಲ. ಆ ಧಾರಾವಾಹಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವರದಿಯಲ್ಲಿ ನಾಲ್ಕು ಸಲ ಬಂದು ಅದಕ್ಕೆ ಸಾಕಷ್ಟು ಪುಕ್ಕಟೆ ಪ್ರಚಾರ ಸಿಕ್ಕಿದೆ.

ಮಾಟುಂಗ–ಮುಲುಂಡ್ ನಡುವೆ ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದುದರಿಂದ ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಬಂದಿದ್ದವು. ಡೊಂಬಿವಲಿಯಿಂದ ಘಾಟ್ಕೋಪರ್ ತನಕ ನಿಂತೇ ಪ್ರಯಾಣಿಸಿ, ನೋಯುವ ಮೊಣಕಾಲನ್ನು ಎಳೆದುಕೊಂಡು ಹನ್ನೊಂದಕ್ಕೆ ಸರಿಯಾಗಿ ನಾನು ಸಭಾಗೃಹ ತಲುಪಿದರೆ, ಮುಖ್ಯ ಅತಿಥಿಗಳ ದಾರಿ ಕಾಯುತ್ತ ಸಭೆ ಆರಂಭವಾದದ್ದು ಹನ್ನೆರಡೂಕಾಲಿಗೆ. ಶಾಲು, ಹಾರ, ಹಣ್ಣಿನ ಬುಟ್ಟಿಗಳಿಗೆ ಇನ್ನರ್ಧ ಗಂಟೆ. ಆಮೇಲೆ ಮಾತನಾಡಿದ ಮೂವರಲ್ಲಿ ಒಬ್ಬರೂ ಧಾರಾವಾಹಿಯ ಒಂದು ಕಂತನ್ನಾದರೂ ಪೂರ್ತಿ ನೋಡಿರಲಿಲ್ಲ. ಒಬ್ಬರಿಗೆ ಮಗಳು ಹೇಳಿದ್ದಳಂತೆ, ಇನ್ನೊಬ್ಬರಿಗೆ ವಾಟ್ಸ್ಆ್ಯಪ್‌ನಲ್ಲಿ ತುಣುಕು ಬಂದಿತ್ತಂತೆ. ಮೂರನೆಯವರು ತಮ್ಮ ಬಾಲ್ಯದ ಯಕ್ಷಗಾನವನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡರು. ಕೊನೆಗೆ ಅಧ್ಯಕ್ಷರು, "ಹದಿಹರೆಯದವರಿಗೆ ಇದು ಯೋಗ್ಯವೆನ್ನುವವರು ಕೈಯೆತ್ತಿ" ಎಂದರು, ತಲೆ ಎಣಿಸಿದರು, ಊಟಕ್ಕೆ ಎಬ್ಬಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹತ್ತು-ಹನ್ನೊಂದು ಹುಡುಗ ಹುಡುಗಿಯರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಸಭೆಗೆ ಹೋಗುವ ಮುನ್ನ ನಾನು ಒಂಬತ್ತನೇ ತರಗತಿಯ ಮೊಮ್ಮಗನೊಂದಿಗೆ ಎರಡು ರಾತ್ರಿ ಕುಳಿತು ಎಂಟು ಕಂತುಗಳನ್ನು ನೋಡಿದ್ದೆ. ಭಾಷಣಕಾರರು ಆತಂಕಪಟ್ಟ ಚುಂಬನಗಳು ಅದರಲ್ಲಿವೆ, ಬಿಯರ್ ಬಾಟಲಿಗಳೂ ಇವೆ. ಅವನ್ನು ಕಂಡು ಹುಡುಗ ಆಕಳಿಸಿದ. ಆದರೆ ದಪ್ಪಗಿರುವ ಹುಡುಗಿ ಕುರ್ಚಿಯಲ್ಲಿ ಕುಳಿತಾಗಲೆಲ್ಲ ಅಲ್ಲಿ ನಗೆಯ ಅಲೆ ಏಳುತ್ತದೆ, ಬೇರೆ ದೇಶದಿಂದ ಬಂದ ಅಂಗಡಿಯವನು ಬಾಯಿ ತೆರೆದರೆ ಅವನ ಉಚ್ಚಾರಕ್ಕೇ ನಗೆ ಏಳುತ್ತದೆ. ಆ ನಗು ಕೂಡ ಹೆಚ್ಚಿನ ಪಾಲು ಮೊದಲೇ ಧ್ವನಿಮುದ್ರಿಸಿ ಡಬ್ಬಿಯಲ್ಲಿಟ್ಟದ್ದು; 1950ರ ದಶಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಅಮೆರಿಕದ ಧ್ವನಿ ತಂತ್ರಜ್ಞ ಕಟ್ಟಿದ ನಗೆಯಂತ್ರದ ಸಂತಾನ. ಎಲ್ಲಿ ನಗಬೇಕೆಂದು ಅದು ಹೇಳಿಕೊಡುತ್ತದೆ, ನಮ್ಮ ಹುಡುಗ ಅಲ್ಲೇ ನಗುತ್ತಾನೆ. ನನ್ನ ತಂದೆಯವರು ಇದೇ ಮಾಟುಂಗದ ಹೋಟೆಲೊಂದರಲ್ಲಿ ಕಪ್ಪುಬಸಿ ತೊಳೆಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ತಮ್ಮ ಹಿಂದಿಯನ್ನು ಅಣಕಿಸಿ ಗಿರಾಕಿಗಳು 'ಮದ್ರಾಸಿ' ಎಂದು ನಕ್ಕದ್ದನ್ನು ಮನೆಯಲ್ಲಿ ಹೇಳುವಾಗ ಅವರ ಮುಖದಲ್ಲಿ ನಗುವಿರುತ್ತಿರಲಿಲ್ಲ. ಅವರ ಮರಿಮಗ ಈಗ ಆ ಗಿರಾಕಿಗಳ ಮೇಜಿನಲ್ಲಿ ಕುಳಿತು ನಗುತ್ತಿದ್ದಾನೆ. ಈ ಮಾತನ್ನು ಹೇಳಲು ನಾನು ಎದ್ದಾಗ ಸಮಯವಾಯಿತೆಂದು ಮೈಕ್ ಕಿತ್ತುಕೊಂಡರು.

ಮುಖ್ಯ ಅತಿಥಿಗಳಾಗಿ ಬಂದಿದ್ದ ಅಧಿಕಾರಿಗಳ ಪ್ರಕಾರ, ಮೊಬೈಲಿನಲ್ಲಿ '13+' ಎಂಬ ಗುರುತು ಇದ್ದ ಮೇಲೆ ಚರ್ಚೆಯೇ ಅನಗತ್ಯ. ಅಂತರ್ಜಾಲದ ಪ್ರಸಾರಕ್ಕೆ ಕೇಂದ್ರ ಸರ್ಕಾರ ಮಾಡಿದ 2021ರ ನಿಯಮಗಳ ಪ್ರಕಾರ ಆ ಗುರುತನ್ನು ಹಾಕಿಕೊಳ್ಳುವುದು ಪ್ರಸಾರ ಮಾಡುವ ಸಂಸ್ಥೆಯೇ ಎಂಬುದು ಅವರಿಗೆ ತಿಳಿದಂತೆ ಕಾಣಲಿಲ್ಲ. 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. ನಮ್ಮ ಮನೆಯಲ್ಲಿ ಆ ಬೀಗ ಹಾಕಿಕೊಟ್ಟವನು ಮೊಮ್ಮಗನೇ, ಗುಪ್ತ ಸಂಖ್ಯೆ ತಿಳಿದಿರುವುದೂ ಅವನೊಬ್ಬನಿಗೇ. ಮೇಲಾಗಿ ಅದೇ ಧಾರಾವಾಹಿ ಹಿಂದಿಗೆ ಡಬ್ ಆಗಿ ಟೀವಿಯಲ್ಲಿ ರಾತ್ರಿ ಎಂಟೂವರೆಗೆ, ನಾವು ಊಟಕ್ಕೆ ಕೂರುವ ಹೊತ್ತಿಗೆ, ಯಾವ ಗುರುತೂ ಇಲ್ಲದೆ ಬರುತ್ತದೆ. ಇದಕ್ಕೆ ಪೆಡ್ಡರ್ ರೋಡಿನ ಸೆನ್ಸಾರ್ ಮಂಡಳಿಗೆ ಬರೆಯಿರಿ ಎಂದು ಅಧಿಕಾರಿಗಳು ಅಪ್ಪಣೆ ಕೊಡಿಸಿದರು. ಆ ಮಂಡಳಿ ಪ್ರಮಾಣಪತ್ರ ಕೊಡುವುದು ಚಲನಚಿತ್ರಗಳಿಗೆ, ಧಾರಾವಾಹಿಗಳಿಗಲ್ಲ ಎಂದು ಎದ್ದು ನಿಂತು ಹೇಳಿದವಳು ಹಿಂದಿನ ಸಾಲಿನ ಒಬ್ಬ ಹುಡುಗಿ. ಅವಳನ್ನು ಕೂರಿಸಿದರು.

ಇಂಥವರ ಅನುಭವ ನನಗೆ ಹೊಸದೇನಲ್ಲ. ಎರಡು ವರ್ಷಗಳ ಹಿಂದೆ ಸಂಜೆ ಏಳಕ್ಕೆ ಬರುತ್ತಿದ್ದ ಒಂದು ಅಸಹ್ಯ ಹಾಸ್ಯ ಕಾರ್ಯಕ್ರಮದ ಬಗ್ಗೆ ವಾಹಿನಿಗೆ ಬರೆದಿದ್ದೆ. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಎಂದು ಕೇಬಲ್ ಟೀವಿ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಗಿದೆ. ನನ್ನ ಪತ್ರಕ್ಕೆ ಸ್ವೀಕೃತಿ ಇಂದಿಗೂ ಇಲ್ಲ. ಪ್ರತಿಯನ್ನು ಹಿಡಿದು ಒಂದು ಸರ್ಕಾರಿ ಕಚೇರಿಗೆ ಹೋದರೆ, ಅಲ್ಲಿನ ಗುಮಾಸ್ತರು ಅದನ್ನು ಓದಿ, ಪಕ್ಕದವರಿಗೂ ಓದಿ ಹೇಳಿ, ಇಬ್ಬರೂ ಸೇರಿ ನಕ್ಕರು. ಅಲ್ಲಿ ನಗೆಯಂತ್ರದ ಅಗತ್ಯ ಬೀಳಲಿಲ್ಲ. ಮೂರನೆಯ ಮಹಡಿಗೆ ಹೋಗಿ ಎಂದರು, ಲಿಫ್ಟ್ ಕೆಟ್ಟಿತ್ತು.

ಆದ್ದರಿಂದ ಸಂಬಂಧಪಟ್ಟವರು, ಅವರು ಯಾರೇ ಆಗಿರಲಿ, ಈ ಧಾರಾವಾಹಿಯ ಸಮಯವನ್ನು ಕೂಡಲೇ ಬದಲಿಸಬೇಕು, ಇಲ್ಲವೇ ಬದಲಿಸಲು ಏಕೆ ಆಗದೆಂಬುದನ್ನು ಪತ್ರಿಕೆಯ ಮೂಲಕ ತಿಳಿಸಬೇಕು. ಸಭೆಯ ಸಂಘಟಕರು ಕೈಯೆತ್ತಿಸಿ ಮಾಡಿದ ತೀರ್ಮಾನವನ್ನು ಹಿಂತೆಗೆದುಕೊಂಡು ಇನ್ನೊಮ್ಮೆ ಸಭೆ ಕರೆಯಬೇಕು. ಕರೆಯುವುದಾದರೆ ಮೊದಲು ನಾಲ್ಕು ಕಂತುಗಳನ್ನು ಮಕ್ಕಳ ಜೊತೆ ಕುಳಿತು ನೋಡಿ ಬರಬೇಕು. ಅದಕ್ಕೆ ಪುರುಸೊತ್ತಿಲ್ಲವೆಂದಾದರೆ ನಮ್ಮನ್ನು ಕರೆಯಲೇಬಾರದು, ಅದರಲ್ಲೂ ಮೆಗಾ ಬ್ಲಾಕ್ ಇರುವ ಭಾನುವಾರ.

ನಿಮ್ಮ ಹಳೆಯ ಓದುಗ,
ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ ಪೂರ್ವ