ಪುಣೆಗೆ ಹೊರಟ ಮಗಳಿಗೆ

ಮಗಾ,

ಫಾರಂಗೆ ಸಹಿ ಹಾಕಿ ಅಮ್ಮನ ಕೈಯಲ್ಲಿ ಕೊಟ್ಟಿದ್ದೇನೆ. ಶನಿವಾರ ಚರ್ಚಾ ಸ್ಪರ್ಧೆಗೆ ಪುಣೆಗೆ ಹೋಗಿ ಬಾ. ನಿನ್ನ ಡಿಬೇಟ್ ಕ್ಲಬ್ಬಿನ ವಿಷಯಕ್ಕೆ ನಿನ್ನೆ ರಾತ್ರಿ ಆದ ಮಾತು ಮತ್ತೆ ಬೇಡ. ಪಕ್ಕದ ಮನೆಯ ಕಾಕೂ ಬೆಳಿಗ್ಗೆ ಅಮ್ಮನನ್ನು ವಿಚಾರಿಸಿದರಂತೆ, ಅಷ್ಟು ಸಾಕು. ನನ್ನ ಸ್ವರ ಏರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೇಳಿದ ಮಾತು ಮಾತ್ರ ಹಾಗೇ ಇದೆ.

"ಕ್ಲಬ್ಬು ಅಂದರೆ ನಿಮಗೇನು ಗೊತ್ತು ಅಪ್ಪಾ" ಅಂದೆಯಲ್ಲ. ಮುಂಬಯಿ ಫೋರ್ಟಿನ ಕನ್ನಡ ನೈಟ್ ಸ್ಕೂಲಿನಲ್ಲಿ ನಮ್ಮದೂ ನಾಟಕ ಇರುತ್ತಿತ್ತು. ಹಗಲಿಡೀ ಟೇಬಲ್ ಒರೆಸಿದವನು ರಾತ್ರಿ ಮಹಾರಾಜ. ಅದಿರಲಿ.

ನನ್ನ ತಕರಾರು ಪುಣೆಗಲ್ಲ, ಅಲ್ಲಿ ಟೀಚರ್ ಜೊತೆಗಿರುತ್ತಾರೆ. ಸ್ಕೂಲು ಬಿಟ್ಟ ಮೇಲೂ ಪ್ರಾಕ್ಟೀಸ್ ಅಂತ ಮುಲುಂಡಿನಲ್ಲೇ ಉಳಿಯುತ್ತೀಯಲ್ಲ, ಅದಕ್ಕೆ. ಅದೂ ಜುಲೈ ತಿಂಗಳಲ್ಲಿ.

2005ರ ಜುಲೈ 26ರಂದು ನಾನು ಕುರ್ಲಾದ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದೆ. ಮಧ್ಯಾಹ್ನ ಹಿಡಿದ ಮಳೆ ಬಿಡಲೇ ಇಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಬಿತ್ತು. ಮೀಠಿ ನದಿ ಉಕ್ಕಿತು, ಲೋಕಲ್ ನಿಂತಿತು. ಸಂಜೆ ಕೆಲವು ಸ್ಕೂಲ್ ಮಕ್ಕಳು ಸೊಂಟದವರೆಗಿನ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಬಂದರು. ಹುಡುಗರು ಮಲಗುವ ಅಟ್ಟಕ್ಕೆ ಹತ್ತಿಸಿದೆವು. ಉಳಿದ ಇಡ್ಲಿ ಕೊಟ್ಟೆವು. ಅವರಲ್ಲೊಬ್ಬಳು ನಿನ್ನಷ್ಟೇ ಪ್ರಾಯದವಳು, ಎರಡು ಜಡೆ. ಅವಳ ಕ್ಲಾಸಿನವರೆಲ್ಲ ಮಳೆ ನೋಡಿ ಬೇಗ ಮನೆಗೆ ಹೋಗಿದ್ದರಂತೆ. ಇವಳು ಡ್ರಾಯಿಂಗ್ ಪರೀಕ್ಷೆಯ ತಯಾರಿಗೆ ಉಳಿದಿದ್ದಳು. ಡ್ರಾಯಿಂಗ್ ಹಾಳೆಯ ಸುರುಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಬಂದಿದ್ದಳು, ಒದ್ದೆಯಾಗಬಾರದಲ್ಲ! ಹೋಟೆಲಿನ ಫೋನ್ ಸತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಅಟ್ಟದಿಂದ ಇಳಿದು ಬಂದು "ಅಂಕಲ್, ಆತಾ ಲಾಗ್ತೋ ಕಾ?", ಈಗ ಫೋನ್ ಹತ್ತುತ್ತದಾ, ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ನಾನು ಸುಮ್ನೆ ರಿಸೀವರ್ ಎತ್ತಿ ಕಿವಿಗೆ ಹಿಡಿದು ತೋರಿಸುತ್ತಿದ್ದೆ.

ಅವಳ ಅಪ್ಪ ಬಂದಾಗ ಬೆಳಗಾಗಿತ್ತು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ರಾತ್ರಿಯಿಡೀ ಹೋಟೆಲು, ಅಂಗಡಿ, ಮಸೀದಿ ಎಲ್ಲ ಕಡೆ ಕೇಳುತ್ತಾ ಬಂದಿದ್ದರು. ಮಗಳನ್ನು ನೋಡಿದ ಮೇಲೂ ಅವರಿಗೆ ಮಾತು ಹೊರಡಲಿಲ್ಲ. ಚಹಾ ಕೊಟ್ಟೆ, ಕಪ್ಪು ಹಿಡಿಯಲು ಆಗದಷ್ಟು ಕೈ ನಡುಗುತ್ತಿತ್ತು. ಆಗ ನೀನು ಹುಟ್ಟಿರಲಿಲ್ಲ. ನೀನು ಹುಟ್ಟಿದ ಮೇಲೆ ಆ ಮನುಷ್ಯ ಪ್ರತಿ ಮಳೆಗಾಲಕ್ಕೂ ನನ್ನ ಕಣ್ಣೆದುರು ಬರುತ್ತಾರೆ. ಎಲ್ಲರೂ ಕ್ಷೇಮವಾಗಿ ಮನೆ ಸೇರಿದ್ದಾಯಿತಲ್ಲ ಅನ್ನುತ್ತಾಳೆ ನಿನ್ನಮ್ಮ. ಅವಳು ಆ ಕೈ ನೋಡಿಲ್ಲ.

ಹಾಗಾಗಿ ಕೇಳು. ಮಳೆ ಜೋರಾದರೆ ಟ್ರೇನ್ ಹತ್ತಬೇಡ, ಸ್ಕೂಲಿನಲ್ಲೇ ಇರು. ಹತ್ತಿದ ಮೇಲೆ ಠಾಣೆ, ಕಳವಾ ನಡುವೆ ಎಲ್ಲೋ ನಿಂತುಬಿಟ್ಟರೆ ಹಳಿಗೆ ಇಳಿಯಬೇಡ, ಯಾರು ಇಳಿದರೂ ಸರಿ. ಡೊಂಬಿವಲಿ ಬರುವ ಮೊದಲೇ ಬಾಗಿಲಿಗೆ ನುಗ್ಗಬೇಡ. ಸ್ಟೇಷನ್ ಹತ್ತಿರ ನಮ್ಮವರ ಹೋಟೆಲ್ ಕಂಡರೆ ಒಳಗೆ ಹೋಗಿ ನನ್ನ ಹೆಸರು, ಊರಿನ ಹೆಸರು ಹೇಳು. ಕೂರಿಸುತ್ತಾರೆ, ಊಟವನ್ನೂ ಹಾಕುತ್ತಾರೆ. ನಾಚಿಕೆ ಬೇಡ. ಮುಂದಿನ ವರ್ಷ ಹತ್ತನೇ ಕ್ಲಾಸು, ಗಣಿತ ಬೇರೆ... ಇಲ್ಲ, ಅದನ್ನು ಇಲ್ಲಿ ಎತ್ತುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ಸ್ಕೂಲಿನ ಫೈನಲ್ಲಿಗೆ ನಾನು ಬಂದಿದ್ದೆ, ಗೊತ್ತಾ? ಹೋಟೆಲಿನ ಅಂಗಿಯಲ್ಲೇ ಇದ್ದೆ, ಅದಕ್ಕೆ ಹಿಂದೆ ನಿಂತುಕೊಂಡೆ. ನಿನ್ನ ಇಂಗ್ಲಿಷ್ ಅರ್ಧವೂ ನನಗೆ ಹಿಡಿಯಲಿಲ್ಲ. ಆದರೆ ಎದುರಿನ ಹುಡುಗ ತಡವರಿಸಿದಾಗ ನೀನು ನಗಲಿಲ್ಲ, ಅವನು ಮುಗಿಸುವವರೆಗೆ ಕಾದೆ. ಮನೆಯಲ್ಲಿ ನನ್ನ ಜೊತೆ ಈ ತಾಳ್ಮೆ ಎಲ್ಲಿರುತ್ತದೋ! ಪಕ್ಕದಲ್ಲಿದ್ದವರಿಗೆ "ನನ್ನ ಮಗಳು" ಅಂದೆ. ಅವರು ಕೇಳಿರಲಿಲ್ಲ.

ಪುಣೆಯ ದಾರಿಯಲ್ಲಿ ಕರ್ಜತ್ ಸ್ಟೇಷನ್‌ನಲ್ಲಿ ಘಾಟಿ ಹತ್ತಲು ಗಾಡಿಯ ಹಿಂದೆ ಇಂಜಿನ್ ಜೋಡಿಸುತ್ತಾರೆ. ವಡಾ ಬೇಕಾದರೆ ಕಿಟಕಿಯಿಂದಲೇ ತಗೋ, ಇಳಿಯಬೇಡ.

ಶಾಲೆಗೆ ಮೊಬೈಲ್ ಬೇಡ ಅಂತ ವಾದಿಸಿ ಆ ದಿನ ಕಪ್ ಗೆದ್ದವಳು ನೀನು. ಪುಣೆಯಲ್ಲೂ ಅದನ್ನೇ ಕೊಟ್ಟರೆ ಹಾಗೇ ವಾದಿಸು, ಗೆಲ್ಲು. ಆದರೆ ಅಮ್ಮನ ಹಳೇ ಫೋನಿಗೆ ರೀಚಾರ್ಜ್ ಮಾಡಿಸಿದ್ದೇನೆ. ಅದು ನಿನ್ನ ಬ್ಯಾಗಿನಲ್ಲಿರುತ್ತದೆ. ಅದಕ್ಕೆ ಟೀಚರ್ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಮಧ್ಯ ಬರಬೇಡ.

ಅಪ್ಪ